ಗುರುವಾರದ ಕಾಲು

ರಟ್ಟೀಹಳ್ಳಿಯ ಜನ ಅದಕ್ಕೆ ಟಿವಿ ದವಾಖಾನಿ ಅನ್ನುತ್ತಾರೆ. ಬೋರ್ಡಿನ ಮೇಲೆ ಬೇರೆ ಏನೋ ಉದ್ದನೆಯ ಹೆಸರಿದೆ, ಅದನ್ನು ಪೂರ್ತಿ ಓದಿದವನು ಬೋರ್ಡು ಬರೆದ ಪೇಂಟರ್ ಒಬ್ಬನೇ ಇರಬೇಕು. ಒಂದು ಖೋಲಿ, ಒಂದು ಮಂಚ, ಗೋಡೆಗೆ ದೊಡ್ಡದೊಂದು ಪರದೆ, ಪರದೆಯ ನೆತ್ತಿಯ ಮೇಲೆ ಕ್ಯಾಮೆರಾ. ವಾರಕ್ಕೊಮ್ಮೆ, ಗುರುವಾರ ಮಧ್ಯಾಹ್ನ, ಆ ಪರದೆಯೊಳಗೆ ಹೊರದೇಶದ ಡಾಕ್ಟರೊಬ್ಬರು ಬರುತ್ತಾರೆ. ಅವರು ತಮ್ಮ ಮನೆಯಲ್ಲೇ ಕುಳಿತು, ಬಿಡುವು ಮಾಡಿಕೊಂಡು, ಬಿಟ್ಟಿಯಾಗಿ ನಮ್ಮ ಕಡೆಯ ಬಡವರನ್ನು ನೋಡುತ್ತಾರೆ. ಅವರ ಇಂಗ್ಲಿಷನ್ನು ಕನ್ನಡಕ್ಕೂ ನಮ್ಮವರ ಕನ್ನಡವನ್ನು ಇಂಗ್ಲಿಷಿಗೂ ದಾಟಿಸುವವಳು, ಅವರು ಹೇಳಿದಲ್ಲಿ ಮುಟ್ಟಿ, ಒತ್ತಿ, ತೊಳೆದು, ಪಟ್ಟಿ ಕಟ್ಟುವವಳು ಮಂಜುಳಕ್ಕ. ಅವಳದೂ ಬಿಟ್ಟಿ ಕೆಲಸವೇ.

ನಾನು ಪರಮೇಶ, ಪಕ್ಕದ ಔಷಧ ಅಂಗಡಿಯವನು. ಆ ಖೋಲಿಗೂ ನನ್ನ ಅಂಗಡಿಗೂ ನಡುವೆ ಒಂದು ಬಾಗಿಲಿದೆ, ಖೋಲಿ ತೆರೆದಿರುವಾಗ ಅದು ಮುಚ್ಚಿದ್ದನ್ನು ನಾನು ಕಂಡಿಲ್ಲ. ಕದ್ದು ಕೇಳುವವನು ಅಂತ ತಿಳಿಯಬೇಡಿ. ಅಲ್ಲಿ ಆಡಿದ ಮಾತು ತಾನಾಗಿ ನನ್ನ ಹಣದ ಗಲ್ಲೆಯವರೆಗೆ ಬರುತ್ತದೆ, ನಾನು ಕಿವಿಗೆ ಹತ್ತಿ ಇಟ್ಟುಕೊಂಡು ವ್ಯಾಪಾರ ಮಾಡಲಿಕ್ಕಾಗುವುದಿಲ್ಲ.

ಮಂಜುಳಕ್ಕ ಚಿಕ್ಕೇರೂರಿನ ಒಕ್ಕಲುತನದ ಮನೆಯ ಮಗಳು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು ಸವಣೂರು, ಶಿಗ್ಗಾಂವಿ, ಹಾನಗಲ್ಲ, ಕೊನೆಗೆ ಹಿರೇಕೆರೂರು ಅಂತ ಒಂದಲ್ಲ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಿಂತೇ ದುಡಿದವಳು. ನಿಂತೂ ನಿಂತೂ ಮೊಣಕಾಲ ಕೆಳಗಿನ ನರಗಳು ಹಗ್ಗದ ಹಾಗೆ ಉಬ್ಬಿವೆ. ಗಂಡ ಶಿವಯೋಗಿ ಬಸ್ ಕಂಡಕ್ಟರ್ ಆಗಿದ್ದವನು, ಆತನೂ ನಿಂತೇ ದುಡಿದವನು. ಸಂಜೆ ಅವರ ಮನೆಗೆ ಹೋದರೆ ಗಂಡ ಹೆಂಡತಿ ಎದುರುಬದುರು ಕುಳಿತು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡಿರುತ್ತಾರೆ, ಮಾತಿಲ್ಲ ಕತೆಯಿಲ್ಲ. ಕೆಲಸ ಬಿಟ್ಟ ಮೇಲಾದರೂ ಮನೆಯಲ್ಲಿರಬಾರದೇ ಅಂತ ನಾನು ಒಮ್ಮೆ ಕೇಳಿದೆ.

"ಮನ್ಯಾಗ ಕುಂತ್ರ ನಿದ್ದಿ ಬರತೈತಿ ತಮ್ಮಾ," ಅಂದಳು. "ನಿದ್ದಿ ಬಂದ್ರ ಕನಸಿನ್ಯಾಗ ಡ್ಯೂಟಿ ಬರತೈತಿ. ಅದರಕಿಂತ ಎಚ್ಚರ ಇದ್ದ ಮಾಡೂದ ಪಾಡಲ್ಲ?"

ಎಚ್ಚರವಿದ್ದು ಮಾಡಿದ್ದರಲ್ಲಿ ಅವಳನ್ನು ಹೆಚ್ಚು ದಣಿಸಿದ್ದು ನಮ್ಮ ರೋಗಿಗಳಲ್ಲ, ಆ ಡಾಕ್ಟರುಗಳು. ಒಳ್ಳೆಯವರೇ, ಆದರೆ ನಿಲ್ಲುವುದಿಲ್ಲ. ನಾಲ್ಕು ವಾರ ಇದ್ದು ಕೈಬೀಸಿ ಹೋಗುತ್ತಾರೆ. ನಮ್ಮವರು ಪರದೆಗೆ ಕೈಮುಗಿದು "ಹೋಗಿ ಬರ್ರಿ" ಅನ್ನುತ್ತಾರೆ, ಯಾರೂ ಬರುವುದಿಲ್ಲ. ಮುಂದಿನ ವಾರ ಹೊಸ ಮುಖ. ಹೊಸ ಮುಖಕ್ಕೆ ಹಳೆಯ ರೋಗಿಗಳ ಕತೆಯನ್ನೆಲ್ಲ ಮೊದಲಿನಿಂದ ಹೇಳಬೇಕು. ಬಂದ ರೋಗಿಗಳಾದರೂ ಸುಮ್ಮನಿರುತ್ತಾರೆಯೇ? ಡಾಕ್ಟರಿಗೆ ಮದುವೆಯಾಗಿದೆಯೋ ಇಲ್ಲವೋ, ಮಕ್ಕಳೆಷ್ಟು, ಬೆಳಗ್ಗೆ ಏನು ತಿಂದರು, ಎಲ್ಲ ಬೇಕು. ಅದನ್ನೂ ಮಂಜುಳಕ್ಕನೇ ಇಂಗ್ಲಿಷಿಗೆ ಹಾಕಬೇಕು. ಹಾಕಿ ಹಾಕಿ ಅವಳ ದನಿ ಸಂಜೆಯ ಹೊತ್ತಿಗೆ ಸವೆದುಹೋಗುತ್ತಿತ್ತು.

ಅಂಥ ರೋಗಿಗಳಲ್ಲಿ ಒಬ್ಬಳು ಮಾಸೂರಿನ ಗುತ್ತೆವ್ವ.

ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು ಏನಿದ್ದರೂ ಗುತ್ತೆವ್ವನ ಗುಂಪು ಬೇಕು. ಬೆಳಗಾಗೆದ್ದು ಓಣಿಯಲ್ಲಿ ಒಂದು ಸಲ ಕೂಗಿದಳೆಂದರೆ ಹೆಂಗಸರು ಬುತ್ತಿ ಕಟ್ಟಿಕೊಂಡು ಹೊರಬೀಳುತ್ತಿದ್ದರು. ಗಂಡ ಸತ್ತು ಎಷ್ಟೋ ಕಾಲವಾಗಿತ್ತು, ಮಗಳು ಕೊಟ್ಟ ಮನೆಯಲ್ಲಿ ಸುಖವಾಗಿದ್ದಳು. ಗುತ್ತೆವ್ವನಿಗೆ ಇದ್ದದ್ದು ಆ ಗುಂಪೊಂದೇ. ಗುಂಪಿನ ಹಿರಿಯಳಾದವಳು ಎಲ್ಲರಿಗಿಂತ ಮೊದಲು ಕೆಸರಿಗಿಳಿಯಬೇಕು. ಬದುವಿನ ಮೇಲೆ ಕುಳಿತು ಹುಕುಂ ಮಾಡುವವಳ ಮಾತನ್ನು ನಮ್ಮ ಹೆಂಗಸರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಆದರೆ ಅವಳಿಗೆ ಶುಗರ್ ಇತ್ತು. ಬಹಳ ವರ್ಷಗಳ ಶುಗರ್. ಅಂಗಾಲಿಗೆ ಖಬರೇ ಇರಲಿಲ್ಲ, ಮುಳ್ಳು ಹೊಕ್ಕರೂ ಗೊತ್ತಾಗದು, ಗಾಜು ಹೊಕ್ಕರೂ ಗೊತ್ತಾಗದು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿ, ಒಣಗಿದಂತೆ ಮಾಡಿ ಮತ್ತೆ ಒಡೆದು, ಒಳಗೊಳಗೇ ಆಳ ಆಗಿತ್ತು. ಮೊದಲ ಸಲ ಅವಳು ನಮ್ಮಲ್ಲಿಗೆ ಬಂದದ್ದು ಗದ್ದೆಯಿಂದ ನೇರವಾಗಿ. ಆ ದಿನ ಪರದೆಯ ಮೇಲೆ ಹೊಸದಾಗಿ ಬಂದಿದ್ದ ಒಬ್ಬ ಎಳೆಯ ಡಾಕ್ಟರ್ ಇದ್ದ. ಗುತ್ತೆವ್ವ ಕಾಲಿಗೆ ಸುತ್ತಿದ್ದ ಅರಿವೆ ಬಿಚ್ಚಿದಳು. ಕೆಸರು, ಕೀವು, ಮೇಲೆ ಎರಡು ನೊಣ. ಆ ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ಮುಖವನ್ನು ಪಕ್ಕಕ್ಕೆ ತಿರುಗಿಸಿಬಿಟ್ಟ.

ಅರೆಗಳಿಗೆ ಅಷ್ಟೇ. ಕೂಡಲೇ ತಿರುಗಿ, ಕ್ಷಮಿಸಿ ಅಂದು, ನಯವಾಗಿಯೇ ಮಾತಾಡಿದ. ಪಾಪ, ಆ ವಯಸ್ಸಿನಲ್ಲಿ ನಾನಾಗಿದ್ದರೆ ಎದ್ದೇ ಹೋಗುತ್ತಿದ್ದೆ. ಆದರೆ ಗುತ್ತೆವ್ವ ಆಗಲೇ ಸೀರೆಯ ನೆರಿಗೆ ಎಳೆದು ಕಾಲು ಮುಚ್ಚಿಕೊಂಡಿದ್ದಳು. ಮಂಜುಳಕ್ಕನ ಮುಖ ಕೆಂಪಗಾಗಿತ್ತು. ಸಂಜೆ ಖೋಲಿಗೆ ಬೀಗ ಹಾಕುವಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ.

"ನಮ್ಮ ಮಂದಿ ಹಿಂಗ ಹೊಲಸ ಇರ್ತಾರ ಅಂತ ತಿಳಕೊಂಡಿರಬೇಕು ಅಂವಾ. ಬೀಗರು ಬಂದಾಗ ಕಸಾ ಹೊಡೀದ ಬಾಗಲಾ ತಗದಂಗ ಆತು ನನಗ."

ಮುಂದಿನ ಗುರುವಾರದಿಂದ ಅವಳು ಕಸ ಹೊಡೆದೇ ಬಾಗಿಲು ತೆಗೆಯತೊಡಗಿದಳು. ಡಾಕ್ಟರು ಪರದೆಗೆ ಬರುವ ಮೊದಲೇ ಗುತ್ತೆವ್ವ ಬಂದು ಮಂಚದ ಮೇಲೆ ಕಾಲು ಚಾಚಬೇಕು. ಮಂಜುಳಕ್ಕ ಹಳೆಯ ಪಟ್ಟಿ ಬಿಚ್ಚಿ ಕಾಗದದಲ್ಲಿ ಸುತ್ತಿ ಎಸೆದು, ಸಲೈನಿನಲ್ಲಿ ಹುಣ್ಣು ತೊಳೆದು, ಅಂಚಿನ ಸತ್ತ ಚರ್ಮ ಕತ್ತರಿಸಿ, ಉಗುರಿನೊಳಗಿನ ಕೆಸರು ತೆಗೆದು, ಕೆಳಗೆ ಹಸಿರು ಬಟ್ಟೆ ಹಾಸಿ, ನೆಲ ಒರೆಸಿ, ಆಮೇಲೆ ಕ್ಯಾಮೆರಾ ಹಚ್ಚುವಳು. ತೊಳೆಯುವುದು ತಪ್ಪಲ್ಲ, ಹುಣ್ಣನ್ನು ತೊಳೆಯಲೇಬೇಕು. ಆದರೆ ತೊಳೆಯುವ ಮೊದಲು ಅದು ಹೇಗಿತ್ತು ಅನ್ನುವುದನ್ನು ಆ ಖೋಲಿಯ ಹೊರಗಿನ ಯಾರೂ ನೋಡಲಿಲ್ಲ.

ಗುತ್ತೆವ್ವನಿಂದ ಅದು ಉಳಿದವರಿಗೂ ಅಂಟಿತು. ಹೊರದೇಶದವರ ಮುಂದೆ ಹೇಗೆಹೇಗೋ ಕುಳಿತುಕೊಳ್ಳಲಾಗುತ್ತದೆಯೇ? ಎಲ್ಲರೂ ಮಿಂದು ಬರತೊಡಗಿದರು. ಹೆಂಗಸರು ಪೌಡರ್ ಹಚ್ಚಿ, ಹೂ ಮುಡಿದು ಬಂದರು. ರಕ್ತ ಕಡಿಮೆಯಾಗಿ ಬಿಳಿಚಿಕೊಂಡವರು ಪೌಡರಿನ ಕೆಳಗೆ ಬಿಳಿಚಿಕೊಂಡಿದ್ದು ಡಾಕ್ಟರಿಗೆ ತಿಳಿಯುವುದು ಹೇಗೆ? ಶುಗರ್ ಇದ್ದವರು ಬುಧವಾರ ಒಂದು ದಿನ ರೊಟ್ಟಿ ಬಿಟ್ಟು ಗುರುವಾರ ಬೆರಳು ಚುಚ್ಚಿಸಿಕೊಂಡು ಶಭಾಷ್ ಅನ್ನಿಸಿಕೊಂಡು ಹೋಗುವರು. ಇಸ್ಮಾಯಿಲಸಾಬರಿಗೆ ದಮ್ಮು. ಅವರು ಅತ್ತರು ಹಚ್ಚಿಕೊಂಡು ಬಂದು, ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು, "ಸ್ವಲ್ಪ ತಡೀರಿ ಪರಮೇಶಪ್ಪ, ದಮ್ಮು ಇಳೀಲಿ, ಆಮ್ಯಾಲೆ ಒಳಗ ಹೋಗಿ ತೋರಸ್ತೇನಿ" ಅನ್ನುವರು. ದಮ್ಮು ಇಳಿದ ಮೇಲೆ ತೋರಿಸುವುದೇನು, ತಲೆ? ನಾನು ಬೈದೆ, ನಕ್ಕೆ, ಸುಮ್ಮನಾದೆ. ಗುರುವಾರ ಮಧ್ಯಾಹ್ನ ಆ ಖೋಲಿಯಲ್ಲಿ ಯಾರಿಗೂ ಕಾಯಿಲೆಯೇ ಇರುತ್ತಿರಲಿಲ್ಲ.

ಆಮೇಲೆ ಹೆಲೆನ್ ಬಂದರು. ಸ್ಕಾಟ್ಲೆಂಡಿನವರು, ಸರ್ಜನ್ ಆಗಿ ನಿವೃತ್ತರಾದವರು. ಅಡುಗೆಮನೆಯ ಮೇಜಿನ ಮುಂದೆ ಕುಳಿತು ಮಾತಾಡುವರು. ಹಿಂದಿನ ಕಿಟಕಿಯ ಮೇಲೆ ಸದಾ ಮಳೆ. ಎಲ್ಲರೂ ಹೋದರೂ ಇವರು ಹೋಗಲಿಲ್ಲ, ಗುರುವಾರ ತಪ್ಪಿಸಲಿಲ್ಲ, ರೋಗಿಗಳ ಹೆಸರು ಕಲಿತರು. ನಮ್ಮವರು ಅವರನ್ನು ಹೆಲೆನವ್ವ ಮಾಡಿಕೊಂಡರು. ಗುತ್ತೆವ್ವನಿಗಂತೂ ಅವರ ಮೇಲೆ ಜೀವ. ಅವರ ಮುಂದೆ ಮುಖ ಕೆಡಿಸಿಕೊಳ್ಳುವುದು ಅವಳಿಂದ ಇನ್ನಷ್ಟು ಆಗದ ಮಾತಾಯಿತು.

"ವಾಸನೆ ಇದೆಯೇ?" ಅಂತ ಹೆಲೆನ್ ಇಂಗ್ಲಿಷಿನಲ್ಲಿ ಕೇಳುವರು.

"ಸ್ವಲ್ಪ," ಅನ್ನುವಳು ಮಂಜುಳಕ್ಕ.

"ಕಾಲಿನ ಮೇಲೆ ಭಾರ ಹಾಕುತ್ತಿಲ್ಲ ತಾನೇ? ಗದ್ದೆಗೆ ಹೋಗುತ್ತಿಲ್ಲ ತಾನೇ?"

ಮಂಜುಳಕ್ಕ ಅದನ್ನು ಕನ್ನಡದಲ್ಲಿ ಕೇಳಿದರೆ ಗುತ್ತೆವ್ವ ಕಣ್ಣು ಮಿಟುಕಿಸದೆ, "ಇಲ್ರೀ ಯವ್ವಾ, ಮನಿ ಹೊಸ್ತಲಾ ದಾಟಿಲ್ಲ" ಅನ್ನುವಳು. ಗುತ್ತೆವ್ವ ವಿಶ್ರಾಂತಿಯಲ್ಲಿದ್ದಾಳೆ ಅಂತ ಮಂಜುಳಕ್ಕ ಇಂಗ್ಲಿಷಿನಲ್ಲಿ ಹೇಳುವಳು. ಆಗಷ್ಟೇ ತೆಗೆದ ಕೆಸರು ಕಾಗದದ ಪೊಟ್ಟಣದಲ್ಲಿ ಅವಳ ಹಿಂದೆಯೇ ಬಿದ್ದಿರುತ್ತಿತ್ತು.

ಪರದೆ ಆರಿದ ಮೇಲೆ ಜಗಳ ಶುರು.

"ಯವ್ವಾ, ಹಿಂಗಾದ್ರ ಕಾಲು ಉಳಿಯೂದಿಲ್ಲ. ಪ್ಲಾಸ್ಟಿಕ್ ಚೀಲಾ ಕಟಗೊಂಡ ಕೆಸರಿಗೆ ಇಳೀತಿ ಅಂತ ನನಗ ಗೊತ್ತಾಗೂದಿಲ್ಲನು?"

"ಗೊತ್ತಾಗ್ಲಿ ಬಿಡ್ರಿ ಅಕ್ಕಾರ, ನಿಮಗ ಗೊತ್ತಾದ್ರ ಏನೂ ಇಲ್ಲ. ಆ ಅವ್ವಾರಿಗೆ ಮಾತ್ರ ಹೇಳಬ್ಯಾಡ್ರಿ. ಕೆಟ್ಟೈತಿ ಅಂದ್ರ ದವಾಖಾನಿಗೆ ಅಡ್ಮಿಟ್ ಆಗು ಅಂತಾರ. ನಾ ಹೋಗಿ ಮಲಗಿದ್ರ ಗುಂಪೆಲ್ಲಾ ಅನ್ನವ್ವನ ಹಿಂದ ಹೋಗತೈತಿ. ತಿರಿಗಿ ಬಂದ್ರ ನನ್ನ ಕೂಗಿಗೆ ಯಾರ್ ಎದ್ದ ಬರ್ತಾರ?"

ಅನ್ನವ್ವ ಅಂದರೆ ಅದೇ ಗುಂಪಿನ ಎರಡನೆಯ ಆಳು. ಗುತ್ತೆವ್ವನಿಗಿಂತ ಚಿಕ್ಕವಳು, ಎರಡೂ ಕಾಲು ಗಟ್ಟಿ ಇದ್ದವಳು.

ಮಂಜುಳಕ್ಕ ಸೋಲುತ್ತಿದ್ದಳು. ಸೋಲದೆ ಏನು ಮಾಡಿಯಾಳು, ಮಧ್ಯಾಹ್ನವೆಲ್ಲ ಮಾತಾಡಿ ದಣಿದವಳಿಗೆ ಇನ್ನೊಂದು ಜಗಳಕ್ಕೆ ಉಸಿರು ಬೇಕಲ್ಲ. ನಿಜ ಹೇಳಬೇಕೆಂದರೆ, ತೊಳೆದು ಒರೆಸಿ ಹಸಿರು ಬಟ್ಟೆಯ ಮೇಲಿಟ್ಟಾಗ ಆ ಹುಣ್ಣು ಅವಳಿಗೂ ಚೊಲೋ ಕಾಣುತ್ತಿತ್ತು. ಹೆಲೆನ್ ಸುಧಾರಿಸಿದೆ ಅನ್ನುವರು, ಕೇಳಿ ಕೇಳಿ ಇವಳೂ ನಂಬಿದಳು. "ಅಕ್ಕಾ, ಗೋಡೆಯ ಈಚೆ ನನಗ ವಾಸನಿ ಬಡೀತೈತಿ, ನೀ ಸ್ವಲ್ಪ ಅಂತೀಯಲ್ಲ?" ಅಂತ ನಾನು ಒಂದು ದಿನ ಕೇಳಿದ್ದಕ್ಕೆ, "ನಿನ್ನ ಮೂಗು ಬಾಳ ಉದ್ದ ಐತಿ" ಅಂದು ಬೇರೆ ಮಾತು ತೆಗೆದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಹೆಲೆನ್ ಒಂದು ಮಾತು ಹೇಳಿದರು. ಅವರು ತಿಂಗಳಿಗೊಮ್ಮೆ ಪರದೆಯ ಮೇಲೆಯೇ ಪಾಠ ಮಾಡುತ್ತಿದ್ದರು. ಮಲಾವಿ, ನೇಪಾಳ, ಬೊಲಿವಿಯಾ, ಇನ್ನೂ ಎಲ್ಲೆಲ್ಲಿಯದೋ ಸಣ್ಣ ಊರುಗಳ ನರ್ಸುಗಳು ಅದಕ್ಕೆ ಕೂಡುತ್ತಿದ್ದರು. ಮುಂದಿನ ಪಾಠ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಬಗ್ಗೆ. ದೊಡ್ಡ ಆಸ್ಪತ್ರೆ ಇಲ್ಲದ ಕಡೆಯಲ್ಲೂ ಹುಣ್ಣನ್ನು ಹೇಗೆ ಮಾಯಿಸಬಹುದು ಅನ್ನುವುದಕ್ಕೆ ಗುತ್ತೆವ್ವನ ಕಾಲನ್ನೇ ತೋರಿಸೋಣ, ಪಾಠ ಮಾಡುವವಳು ನೀನೇ ಆಗು ಅಂದರು.

ಮಂಜುಳಕ್ಕ ಅಷ್ಟು ಹಗುರವಾಗಿ ನಡೆದಾಡಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಜೀವಮಾನವೆಲ್ಲ ಡಾಕ್ಟರು ಹೇಳಿದ್ದಕ್ಕೆ ಹೂಂ ಅಂದವಳು, ಈಗ ಅವಳು ಹೇಳಿದ್ದನ್ನು ದೇಶದೇಶದವರು ಕೇಳುವುದು. ನನ್ನ ಗಲ್ಲೆಯ ಮುಂದೆ ನಿಂತು ಇಂಗ್ಲಿಷ್ ವಾಕ್ಯಗಳನ್ನು ಗಟ್ಟಿ ಮಾಡಿದಳು. ಗಿರಾಕಿಗಳು ಬಂದರೆ ಕ್ರೋಸಿನ್ ಕೊಡುವುದು ಬಿಟ್ಟು ನಾನು ಮಲಾವಿಯ ನರ್ಸಾಗಿ ಪ್ರಶ್ನೆ ಕೇಳಬೇಕು. "ಏನವಾ, ಫಾರಿನ್ ಮೇಡಮ್ ಆದಿ ನೀ" ಅಂತ ಕೆಣಕಿದರೆ ಎಳೆಯ ಹುಡುಗಿಯಂತೆ ನಗುತ್ತಿದ್ದಳು.

ಪಾಠದ ಗುರುವಾರ ಬಂತು. ಮಾಸೂರಿನಲ್ಲಿ ನಾಟಿ ಜೋರಾಗಿ ನಡೆದಿತ್ತು. ಗುತ್ತೆವ್ವ ಟಂಟಂ ರಿಕ್ಷಾದಿಂದ ಇಳಿದಳು. ಬೇರೆ ದಿನ ಕುಂಟುತ್ತಲಾದರೂ ತಾನೇ ಬರುವವಳು ಆ ದಿನ ಗೋಡೆ ಹಿಡಿದು ಬಂದಳು. ಕಣ್ಣು ಕೆಂಪಗಿದ್ದವು, ತುಟಿ ಒಣಗಿತ್ತು. ಅಂಗಡಿಯಲ್ಲಿದ್ದ ಗಿರಾಕಿಯೊಬ್ಬ ಮೂಗಿಗೆ ಟವೆಲ್ ಹಿಡಿದುಕೊಂಡು ಚಿಲ್ಲರೆ ತೆಗೆದುಕೊಳ್ಳದೆ ಹೋದ. ನಾನು ಬಾಗಿಲ ಬಳಿ ಹೋಗಿ ನಿಂತೆ.

ಮಂಜುಳಕ್ಕ ಪಟ್ಟಿ ಬಿಚ್ಚಿದಳು. ಹೆಬ್ಬೆರಳು ಕರಿ ಬಣ್ಣಕ್ಕೆ ತಿರುಗಿತ್ತು, ಪಕ್ಕದ ಬೆರಳೂ ಅದೇ ದಾರಿ ಹಿಡಿದಿತ್ತು. ಪಾದ ಬಿಗಿದು ಊದಿ, ಕೆಂಪು ಬಣ್ಣ ಹಿಮ್ಮಡಿ ದಾಟಿ ಮೇಲೇರಿತ್ತು. ಹಣೆ ಮುಟ್ಟಿದರೆ ಸುಡುತ್ತಿತ್ತು.

"ಎಂದಿನಿಂದ ಜ್ವರಾ?"

"ಸೋಮವಾರ ಸಂಜಿಕ ನಡಕ ಬಂತ್ರಿ. ನಾಟಿ ಇತ್ತಲ್ರಿ, ಗುಳಿಗಿ ತಗೊಂಡ ಇಳದೆ." ಗುತ್ತೆವ್ವ ಪರದೆಯ ಕಡೆ ನೋಡಿದಳು. ಅದಿನ್ನೂ ಕಪ್ಪಗಿತ್ತು. "ಅವ್ವಾರು ಬರೂದಕ ಇನ್ನೂ ಹೊತ್ತೈತಿ. ಲಗೂನ ತೊಳದ ಕಟ್ರಿ ಅಕ್ಕಾರ. ಈ ಕರಿ ಬೆರಳಿನ ಮ್ಯಾಲೆ ಪಟ್ಟಿ ಸುತ್ತಿಬಿಡ್ರಿ, ಹುಣ್ಣ ಅಷ್ಟ ತೋರಸ್ರಿ. ಇವತ್ತ ನಿಮ್ಮ ಪಾಠ ಐತಿ. ಅಷ್ಟ ದೇಶದ ಮಂದಿ ಮುಂದ ನಿಮ್ಮ ಮಾನ ಹೋಗಬಾರದು."

ಮಂಜುಳಕ್ಕ ಸಲೈನಿನ ಬಾಟಲಿ ತೆಗೆದುಕೊಂಡಳು. ರೂಢಿಯ ಕೈ ತಾನಾಗಿ ಹೋಗಿತ್ತು. ಹತ್ತಿ ಒದ್ದೆ ಮಾಡಿದಳು. ಅಂಚಿನಲ್ಲಿ ಒಮ್ಮೆ ಒರೆಸಿಯೂ ಬಿಟ್ಟಳು. ಆಮೇಲೆ ಕೈ ಅಲ್ಲೇ ನಿಂತಿತು. ನೋಡನೋಡುತ್ತ ಅವಳು ಕೆಳಗೆ, ನೆಲದ ಮೇಲೆ, ಆ ಕಾಲಿನ ಎದುರಿಗೆ ಕುಳಿತುಬಿಟ್ಟಳು. ಅಷ್ಟು ವರ್ಷದ ದಣಿವು ಒಮ್ಮೆಲೇ ಮೈಮೇಲೆ ಬಿದ್ದಂತೆ ಕಂಡಿತು ನನಗೆ.

"ಪರಮೇಶಾ," ಅಂದಳು, ನನ್ನ ಕಡೆ ತಿರುಗದೆ, "ನೂರಾ ಎಂಟಕ್ಕ ಫೋನ್ ಹಚ್ಚು, ಅಂಬುಲೆನ್ಸ್ ಬರ್ಲಿ. ಆಮ್ಯಾಲೆ ಆ ಪರದೆ ಚಾಲೂ ಮಾಡು."

"ಅಕ್ಕಾರ, ಬ್ಯಾಡ್ರಿ, ತೊಳೀರಿ ಮೊದಲ," ಅಂತ ಗುತ್ತೆವ್ವ ಸೆರಗನ್ನು ಕಾಲ ಮೇಲೆ ಎಳೆದುಕೊಳ್ಳಲು ಬಾಗಿದಳು. ಮಂಜುಳಕ್ಕ ಅವಳ ಕೈ ಹಿಡಿದುಕೊಂಡಳು.

"ಇವತ್ತ ತೊಳೆಯೂದಿಲ್ಲ ಯವ್ವಾ."

ಪರದೆ ಹತ್ತಿತು. ಸಣ್ಣಸಣ್ಣ ಚೌಕಗಳಲ್ಲಿ ಎಷ್ಟೋ ಮುಖ. ನಡುವೆ ಹೆಲೆನ್, ನಗುತ್ತ ನಮ್ಮವಳ ಪರಿಚಯ ಮಾಡಿಕೊಡಲು ಬಾಯಿ ತೆರೆದವರು ಕಾಲು ನೋಡಿ ನಿಲ್ಲಿಸಿದರು. ಮಂಜುಳಕ್ಕ ಗಟ್ಟಿ ಮಾಡಿದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. ಒಡಕು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಜ್ವರ ಸೋಮವಾರದಿಂದ. ಇವಳು ವಿಶ್ರಾಂತಿಯಲ್ಲಿ ಇರಲೇ ಇಲ್ಲ, ದಿನಾ ಗದ್ದೆಗೆ ಹೋಗುತ್ತಾಳೆ, ನನಗೆ ಗೊತ್ತಿತ್ತು. ನೀವು ಪ್ರತಿ ಗುರುವಾರ ನೋಡಿದ್ದು ನಾನು ತೊಳೆದು ಸಿಂಗರಿಸಿದ ಕಾಲು.

ಹೆಲೆನ್ ಸಿಟ್ಟಾದರು. ಆಗಲೇಬೇಕು, ಸಿಟ್ಟಾಗದಿದ್ದರೆ ಅವರೆಂಥ ಡಾಕ್ಟರು? "ಹಾಗಾದರೆ ಇಷ್ಟು ದಿನ ನಾನು ನೋಡಿದ್ದೇನು?" ಅಂತ ದನಿ ಏರಿಸಿ ಕೇಳಿದರು. ಮರುಗಳಿಗೆಯೇ ದನಿ ಇಳಿಸಿ, ಈಗಲೇ ದೊಡ್ಡ ಆಸ್ಪತ್ರೆಗೆ, ಒಂದು ಗಂಟೆಯೂ ತಡಮಾಡಬೇಡಿ ಅಂದರು. ಯಾವ ಇಂಜೆಕ್ಷನ್ ಕೊಟ್ಟು ಕಳಿಸಬೇಕು ಅಂತ ಹೇಳಿದರು. ನಾನು ಅಂಗಡಿಯಿಂದ ತಂದುಕೊಟ್ಟೆ.

ಅಂಬುಲೆನ್ಸ್ ಬರುವವರೆಗೂ ಪರದೆ ಹಾಗೇ ಇತ್ತು, ಯಾರಿಗೂ ಆರಿಸುವ ನೆನಪಿರಲಿಲ್ಲ. ಒಂದು ಚೌಕದಿಂದ ಒಂದು ದನಿ ಬಂತು. ಮಲಾವಿಯ ನರ್ಸ್, ದಪ್ಪ ಕನ್ನಡಕದ ಹೆಂಗಸು. "ನಾವೂ ತೊಳೆದೇ ತೋರಿಸುತ್ತೇವೆ ಮೇಡಮ್," ಅಂದಳು ಮೆಲ್ಲಗೆ. ಸ್ವಲ್ಪ ಹೊತ್ತಿಗೆ ನೇಪಾಳದವಳು ಕೈ ಎತ್ತಿದಳು. ಆಮೇಲೆ ಇನ್ನೊಂದು ಕೈ, ಇನ್ನೊಂದು. ಹೆಲೆನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಆ ಕೈಗಳನ್ನೆಲ್ಲ ನೋಡುತ್ತ ಕುಳಿತರು. ಆ ದಿನದ ಪಾಠ ಅಷ್ಟೇ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಮೊದಲು ಬೆರಳು ಅಂದರು, ಆಮೇಲೆ ಪಾದ ಅಂದರು, ವಿಷ ಮೇಲೇರುವುದು ನಿಲ್ಲದಿದ್ದಾಗ ಮೊಣಕಾಲಿನ ಕೆಳಗೆ ತೆಗೆದರು. ಜೀವ ಉಳಿಯಿತು. ಮಂಜುಳಕ್ಕ ಅಲ್ಲೇ ಉಳಿದು, ಆ ಮುದುಕಿಯ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡು, ಊರಿಗೆ ಬಂದ ದಿನವೇ ಖೋಲಿಯ ಕೀಲಿಯನ್ನು ನನ್ನ ಗಲ್ಲೆಯ ಮೇಲಿಟ್ಟಳು.

"ಇನ್ನ ನನ್ನಿಂದ ಆಗೂದಿಲ್ಲ ತಮ್ಮಾ. ಬ್ಯಾರೆ ಯಾರನರ ನೋಡಕೊಳ್ರಿ."

ಬೇರೆ ಯಾರಿದ್ದಾರೆ? ಖೋಲಿ ಮುಚ್ಚಿಯೇ ಇತ್ತು. ಇಸ್ಮಾಯಿಲಸಾಬರು ಬಂದು ಕಟ್ಟೆಯ ಮೇಲೆ ಕುಳಿತು ದಮ್ಮು ಇಳಿಸಿಕೊಂಡು ಹಾಗೇ ಮನೆಗೆ ಹೋಗುತ್ತಿದ್ದರು. ನಾನು ಅವಳ ಮನೆಗೆ ಹೋಗಿ ಕರೆಯಲಿಲ್ಲ. ಯಾವ ಬಾಯಿಂದ ಕರೆಯಲಿ? ಅವಳೆಷ್ಟು ದಣಿದಿದ್ದಾಳೆ ಅಂತ ನನಗಿಂತ ಚೆನ್ನಾಗಿ ಶಿವಯೋಗಿಗೂ ಗೊತ್ತಿರಲಿಲ್ಲ.

ಆದರೆ ಒಂದು ಗುರುವಾರ ಗುತ್ತೆವ್ವ ಬಂದಳು. ಟಂಟಂನವನು ಇಳಿಸಿ, ವಾಕರ್ ಕೈಗೆ ಕೊಟ್ಟು ಹೋದ. ಅವಳು ವಾಕರ್ ಹಿಡಿದು ಒಂಟಿಗಾಲಲ್ಲಿ ಜಿಗಿಯುತ್ತ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಕುಳಿತಳು. ಮಂಜುಳಕ್ಕ ಬರುವುದಿಲ್ಲ ಅಂತ ಹೇಳಿದೆ. "ಬರ್ತಾರ, ನೀವು ಫೋನ್ ಹಚ್ರಿ, ನಾ ಕುಂತೇನಿ" ಅಂದಳು. ಗುಂಪು ಹೇಗಿದೆ ಅಂತ ಕೇಳಿದೆ. ಕೇಳಬಾರದಿತ್ತು. "ಅನ್ನವ್ವ ಚೊಲೋ ಕೂಗತಾಳ್ರಿ," ಅಂದು ಮಂಡಿಯ ಕೆಳಗೆ ಖಾಲಿಯಾಗಿ ಬಿದ್ದಿದ್ದ ಸೀರೆಯನ್ನು ಸರಿಮಾಡಿಕೊಂಡಳು.

ನಾನು ಫೋನ್ ಹಚ್ಚಿದೆ, ಮಂಜುಳಕ್ಕ ಬಂದಳು. ನನ್ನಿಂದ ಕೀಲಿ ಇಸಿದುಕೊಂಡು ಬೀಗ ತೆಗೆದಳು, ಗುತ್ತೆವ್ವನನ್ನು ಎತ್ತಿ ಮಂಚಕ್ಕೆ ಕೂರಿಸಿದಳು, ಪರದೆ ಹಚ್ಚಿದಳು. ಅಷ್ಟು ವಾರ ಖೋಲಿ ಮುಚ್ಚಿದ್ದರೂ ಹೆಲೆನ್ ಅಲ್ಲೇ ಇದ್ದರು. ಯಾರಾದರೂ ಬಂದಾರು ಅಂತ ಪ್ರತಿ ಗುರುವಾರ ಆ ಹೊತ್ತಿಗೆ ಬಂದು ಕುಳಿತು ಹೋಗುತ್ತಿದ್ದರಂತೆ. ಗುತ್ತೆವ್ವನನ್ನು ಕಂಡು ಅವರ ಕಣ್ಣು ತುಂಬಿದವು. ಹೇಗಿದ್ದೀಯ, ನೋವಿದೆಯೇ, ನಿದ್ದೆ ಬರುತ್ತದೆಯೇ ಅಂತ ಕೇಳಿದರು. ಮಂಜುಳಕ್ಕ ಕನ್ನಡದಲ್ಲಿ ಕೇಳಿದಳು.

ಗುತ್ತೆವ್ವ 'ಆರಾಮ' ಅನ್ನಲಿಲ್ಲ. ಪರದೆಯ ಕಡೆ ನೋಡುತ್ತ, ಅವಸರವಿಲ್ಲದೆ ಮಾತಾಡಿದಳು.

"ಹುಬ್ಬಳ್ಳ್ಯಾಗ ಮಲಕೊಂಡ ಒಂದ ವಿಚಾರ ಮಾಡಿದೆ. ನಾ ಸುಳ್ಳ ಹೇಳಿದೆ, ಖರೆ. ನಾ ಗದ್ದ್ಯಾಗಿನ ಹೆಣಮಗಳು, ನನಗ ತಿಳಿಯೂದು ಅಷ್ಟ. ಗುಂಪು ಹೋಗತೈತಿ ಅಂತ ಹೆದರಿಕಿ ಇತ್ತು, ಅದಕ್ಕ ಹೇಳಿದೆ. ಕಲತವರು ನನ್ನ ಮಾತ ಯಾಕ ಕೇಳಿದ್ರಿ?"

ನಾನು ಗಲ್ಲೆ ಬಿಟ್ಟು ಬಾಗಿಲಿಗೆ ಬಂದಿದ್ದೆ. ಇದನ್ನು ಮಂಜುಳಕ್ಕ ಹೇಗೆ ದಾಟಿಸುತ್ತಾಳೆ ಅಂತ ನೋಡುತ್ತಿದ್ದೆ. ಇಷ್ಟು ವರ್ಷ ಎರಡೂ ಕಡೆಯ ಒರಟನ್ನು ಒರೆಸಿ ನಯಮಾಡಿ ದಾಟಿಸಿದವಳು ಆ ದಿನ ಒಂದು ಮಾತನ್ನೂ ಒರೆಸಲಿಲ್ಲ. ಪೂರ್ತಿ ಹೇಳಿದಳು. ಅದಕ್ಕೆ ಹೆಲೆನ್ ಹೇಳಿದ್ದನ್ನು ಮಂಜುಳಕ್ಕ ಕನ್ನಡಕ್ಕೆ ಹಾಕಿದಳು.

"ನಾನೂ ಒಂದ ದಿನ ತೊಳಿಯೂಕಿಂತ ಮೊದಲ ತೋರಸು ಅಂತ ಕೇಳಲಿಲ್ಲ, ನಂದೂ ತಪ್ಪೈತಿ ಅಂತಾರ ಯವ್ವಾ."

"ಅವರನ್ನಲ್ರಿ ನಾ ಕೇಳಿದ್ದು," ಅಂದಳು ಗುತ್ತೆವ್ವ. ಪರದೆಯಿಂದ ಕಣ್ಣು ತೆಗೆದು ಮಂಜುಳಕ್ಕನ ಮುಖ ನೋಡಿದಳು. "ಅವರು ದೂರದಾಗ ಅದಾರ, ಅವರಿಗೇನ್ ಕಾಣತೈತಿ. ನಿಮ್ಮನ್ನ ಕೇಳಿದ್ದು."

ಮಂಜುಳಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಾಚಿಕಿ ಆಗಿತ್ತವ್ವಾ," ಅಂದಳು. "ಅವತ್ತ ಆ ಹುಡಗಾ ನಿನ್ನ ಕಾಲ ನೋಡಿ ಮಾರಿ ತಿರಿಗಿಸಿದ್ನಲ್ಲ. ನಾಚಿಕಿ ಆಗಿತ್ತ ನನಗ."

ಗುತ್ತೆವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ತಿಳಿಯದವಳ ಹಾಗೆ ಕೇಳಿದಳು.

"ಕಾಲು ನಂದು. ನಾಚಿಕಿ ನಿಮಗ್ಯಾಕ ಬರಬೇಕಿತ್ರಿ?"

ಗುತ್ತೆವ್ವ ಏನಂದಳು ಅಂತ ಹೆಲೆನ್ ಇಂಗ್ಲಿಷಿನಲ್ಲಿ ಕೇಳಿದರು. ಮಂಜುಳಕ್ಕ ದಾಟಿಸಲಿಲ್ಲ. ಗುತ್ತೆವ್ವ ಕಾಯುತ್ತ ಕುಳಿತಿದ್ದಳು, ನಾನು ಬಾಗಿಲಲ್ಲೇ ನಿಂತಿದ್ದೆ.